ಹೆಸರಿಡುವ ಮುನ್ನ

ಮಧ್ಯಮವರ್ಗದ ಮನೆಗಳಲ್ಲಿ ಕಾಯಿಲೆಗೆ ಹೆಸರಿಡುವ ಆತುರ ಬಹಳ. ಶಾಲೆಯಿಂದ ಬಂದ ಹುಡುಗನ ಮೈ ಬಿಸಿಯಾಗಿದ್ದರೆ ಸಾಕು, ಥರ್ಮಾಮೀಟರು ಪೆಟ್ಟಿಗೆಯಿಂದ ಹೊರಬರುವ ಮೊದಲೇ ಅಜ್ಜಿ ಅದನ್ನು ದೃಷ್ಟಿಯೆನ್ನುತ್ತಾಳೆ. ತಾಯಿ ಹವೆಯ ಬದಲಾವಣೆಯೆನ್ನುತ್ತಾಳೆ. ತಂದೆ ಎಲ್ಲವನ್ನೂ ನಿನ್ನೆ ತಿಂದ ಐಸ್‌ಕ್ರೀಮಿನ ಮೇಲೆ ಹೊರಿಸುತ್ತಾನೆ. ಜ್ವರವು ಸಾಮಾನ್ಯವಾಗಿ ಎರಡು ದಿನಗಳಲ್ಲಿ ತಾನಾಗಿ ಇಳಿದುಹೋಗುವುದರಿಂದ ಮೂವರ ಮಾನವೂ ಉಳಿಯುತ್ತದೆ. ಆದರೆ ಎಲ್ಲ ಸಂಗತಿಗಳೂ ಜ್ವರದಷ್ಟು ಉದಾರವಾಗಿರುವುದಿಲ್ಲ. ಕೆಲವಕ್ಕೆ ಆತುರದಲ್ಲಿಟ್ಟ ಹೆಸರು ತಿಂಗಳುಗಟ್ಟಲೆ ಅಂಟಿಕೊಂಡು ಕಾಡುತ್ತದೆ. ಹರೆಯದ ಹೆಣ್ಣಿನ ಎದೆಯಲ್ಲಿ ಕೈಗೆ ಸಿಗುವ ಗಂಟು ಅಂಥವುಗಳಲ್ಲೊಂದು.

ಮೈಸೂರಿನ ಒಂದು ಮನೆಯಲ್ಲಿ ನಡೆದ ಸಂಗತಿಯನ್ನೇ ನೋಡಬಹುದು. ಆ ಮನೆಯ ಮಗಳಿಗೆ 22 ವರ್ಷ, ಎಂ.ಎಸ್‌ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಒಂದು ಭಾನುವಾರ ಎಣ್ಣೆನೀರಿಗೆ ಕುಳಿತಿದ್ದಾಗ ಬಲಗಡೆಯ ಸ್ತನದ ಹೊರ ಅಂಚಿನಲ್ಲಿ, ಚರ್ಮದ ಕೆಳಗೆ, ಗೋಲಿಯಂಥದೊಂದು ಅವಳ ಬೆರಳಿಗೆ ತಗುಲಿತು. ಒತ್ತಿದರೆ ನೋವಿಲ್ಲ. ಹಿಡಿಯಹೋದರೆ ನುಣುಚಿ ಪಕ್ಕಕ್ಕೆ ಸರಿಯಿತು. ಬೆರಳು ತೆಗೆದರೆ ಮತ್ತೆ ತನ್ನ ಜಾಗಕ್ಕೆ ಬಂದು ಕುಳಿತಿತು. ನೀರು ಆರುವವರೆಗೂ ಆ ಹುಡುಗಿ ಬಚ್ಚಲುಮನೆಯಿಂದ ಹೊರಗೆ ಬರಲಿಲ್ಲ.

ಅಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಮೊಬೈಲನ್ನು ಹೊದಿಕೆಯೊಳಗೆ ಹಿಡಿದು ಓದತೊಡಗಿದಳು. ಓದಿದಷ್ಟೂ ಒಂದೇ ಹೆಸರು ಕಣ್ಣಿಗೆ ಬೀಳುತ್ತಿತ್ತು. ಬೆಳಗಾಗುವ ಹೊತ್ತಿಗೆ ಅವಳು ತನ್ನ ಗಂಟಿಗೆ ಆ ಹೆಸರನ್ನೇ ಇಟ್ಟುಬಿಟ್ಟಿದ್ದಳು: ಕ್ಯಾನ್ಸರ್. ಆಮೇಲೆ ಆರು ವಾರಗಳ ಕಾಲ ಯಾರೊಂದಿಗೂ ಅದರ ಮಾತೆತ್ತಲಿಲ್ಲ. ಊಟ ಕಡಮೆಯಾಯಿತು, ಪುಸ್ತಕ ತೆರೆದಲ್ಲೇ ಇರುತ್ತಿತ್ತು. ಪರೀಕ್ಷೆಯ ಭಯವೆಂದು ತಾಯಿ ಬ್ರಾಹ್ಮಿಯ ತಂಬುಳಿ ಮಾಡಿ ಬಡಿಸಿದಳು.

ಗುಟ್ಟು ಹೊರಬಿದ್ದದ್ದು ರವಿಕೆಯ ಕಾರಣದಿಂದ. ಗಂಡಿನ ಕಡೆಯವರು ಮುಂದಿನ ತಿಂಗಳು ಬರುವವರಿದ್ದರು. ಹೊಸ ರವಿಕೆಯನ್ನು ತೊಡಿಸಿ ನೋಡಲು ತಾಯಿ ಕೈ ಚಾಚಿದಾಗ ಹುಡುಗಿ ಬೆಂಕಿ ತಾಗಿದವಳಂತೆ ಹಿಂದೆ ಸರಿದಳು. ಬಳಿಕ ಅಲ್ಲಿಯೇ ಕುಸಿದು ಅತ್ತಳು. ತಾಯಿ ಮುಟ್ಟಿ ನೋಡಿದಳು. ಒಂದು ಕ್ಷಣ ಅವಳ ಮುಖ ಬಿಳಿಚಿತು. ಮರುಕ್ಷಣವೇ ಅವಳೂ ಒಂದು ಹೆಸರಿಟ್ಟಳು.

“ಏನೂ ಅಲ್ಲ ಕಣೇ. ಇದು ಬರೀ ಹಾಲುಗಂಟು. ಮದುವೆಯಾಗಿ ಒಂದು ಮಗುವಾದರೆ ತಾನೇ ಕರಗಿಹೋಗುತ್ತದೆ. ಅಪ್ಪನ ಕಿವಿಗೆ ಹಾಕಬೇಡ. ಅಜ್ಜಿಗಂತೂ ಬೇಡವೇ ಬೇಡ.”

ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿಮಾಡಿ, ಹತ್ತು ದಿನ ಕಾವು ಕೊಟ್ಟದ್ದಾಯಿತು. ಚರ್ಮ ಕೆಂಪಾಗಿ ಉರಿಯಿತು. ಗಂಟು ಇದ್ದಂತೆಯೇ ಇತ್ತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮಗಳು ಇಟ್ಟ ಹೆಸರಿಗೂ ತಾಯಿ ಇಟ್ಟ ಹೆಸರಿಗೂ ಭೂಮ್ಯಾಕಾಶಗಳ ಅಂತರವಿದ್ದರೂ ಎರಡರಿಂದಲೂ ಆದ ಪರಿಣಾಮ ಒಂದೇ. ಕ್ಯಾನ್ಸರೇ ಎಂದುಕೊಂಡವಳು ಹೆದರಿ ವೈದ್ಯರ ಬಳಿಗೆ ಹೋಗಲಿಲ್ಲ. ಏನೂ ಅಲ್ಲವೆಂದುಕೊಂಡವಳು ಅಗತ್ಯವಿಲ್ಲವೆಂದು ಕರೆದೊಯ್ಯಲಿಲ್ಲ. ಎರಡು ತಿಂಗಳು ಕಳೆದುಹೋದವು. ಮದುವೆಯ ನಂಟಸ್ತಿಕೆ, ಊರಿನ ಬಾಯಿ, ಮುಂದೆ ನಿಲ್ಲುವ ಗಾಯದ ಕಲೆ, ಇವೆಲ್ಲ ಆ ತಾಯಿಯ ಎಣಿಕೆಯಲ್ಲಿ ಸೇರಿದ್ದುವು. ಅವಳನ್ನು ದೂರುವುದು ಸುಲಭ. ಆದರೆ ಅವಳಿಗೆ ಅವಳ ತಾಯಿಯಾಗಲಿ ಶಾಲೆಯಾಗಲಿ ಈ ವಿಷಯವನ್ನು ಎಂದೂ ಹೇಳಿಕೊಟ್ಟಿರಲಿಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’ ಅವಳ ಬೀರುವಿನಲ್ಲಿಯೂ ಇತ್ತು, ಮದುವೆಯಲ್ಲಿ ಬಂದ ಉಡುಗೊರೆ. ಮಗಳ ಕೈಗೆ ಸಿಗದಂತೆ ಅದನ್ನು ಸೀರೆಗಳ ಕೆಳಗೆ ಇಟ್ಟಿದ್ದಳು.

ಕೊನೆಗೂ ಒಂದು ಸಂಜೆ, ದೇವಸ್ಥಾನಕ್ಕೆಂದು ಮನೆಯಲ್ಲಿ ಹೇಳಿ, ತಾಯಿ ಮಗಳಿಬ್ಬರೂ ಶಸ್ತ್ರವೈದ್ಯೆಯೊಬ್ಬರನ್ನು ಕಾಣಲು ಹೋದರು.

ಆ ವೈದ್ಯೆ ಯಾವ ಹೆಸರನ್ನೂ ಇಡಲಿಲ್ಲ. ಮೊದಲು ಪ್ರಶ್ನೆಗಳನ್ನು ಕೇಳಿದರು. ಎಂದು ಕಂಡಿತು? ಅಂದಿನಿಂದ ಬೆಳೆದಿದೆಯೆ? ಮುಟ್ಟಿನ ಮುಂಚೆ ಹೆಚ್ಚಿ ಆಮೇಲೆ ಇಳಿಯುತ್ತದೆಯೆ? ತೊಟ್ಟಿನಿಂದ ನೀರೋ ರಕ್ತವೋ ಬಂದದ್ದುಂಟೆ? ಎಲ್ಲದಕ್ಕೂ ಹುಡುಗಿ ಉತ್ತರ ಹೇಳಿದಳು. ಕಡೆಯ ಪ್ರಶ್ನೆಗೆ ಉತ್ತರ ಕೊಟ್ಟವಳು ತಾಯಿ.

“ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಆಗಿತ್ತೆ? ಅಂಡಾಶಯದ್ದು?”

“ನಮ್ಮ ತೌರಿನಲ್ಲಿ ಯಾರಿಗೂ ಇಲ್ಲ ಡಾಕ್ಟರೇ.”

“ತಂದೆಯ ಕಡೆ?”

“ಅಲ್ಲಿಯೂ ಇಲ್ಲ. ನಮ್ಮ ಅತ್ತಿಗೆಯೊಬ್ಬರು ಚಿಕ್ಕ ವಯಸ್ಸಿಗೇ ಹೋದರು, ಹೊಟ್ಟೆಯ ಹುಣ್ಣಿನಿಂದ. ಅದು ನನ್ನ ಮದುವೆಗೆ ಮುಂಚೆ.”

ವೈದ್ಯೆ ಅದನ್ನು ಬರೆದುಕೊಂಡು, ಹುಡುಗಿಯ ಒಪ್ಪಿಗೆ ಕೇಳಿ, ತಾಯಿಯನ್ನು ಪಕ್ಕದಲ್ಲಿಯೇ ನಿಲ್ಲಿಸಿಕೊಂಡು ಪರೀಕ್ಷಿಸಿದರು. ಬೆರಳ ತುದಿಯಿಂದ ಚಿವುಟಲಿಲ್ಲ. ನಡುವಿನ ಮೂರು ಬೆರಳುಗಳನ್ನು ಚಪ್ಪಟೆಯಾಗಿಟ್ಟು ಎರಡೂ ಸ್ತನಗಳನ್ನೂ ಎರಡೂ ಕಂಕುಳುಗಳನ್ನೂ ನಿಧಾನವಾಗಿ ನೋಡಿದರು. ಆಮೇಲೆ ಕಾಗದವೊಂದನ್ನು ತೆಗೆದುಕೊಂಡು ಚಿತ್ರ ಬರೆದು ತೋರಿಸಿದರು.

ಸ್ತನವೆಂಬುದು ಒಂದೇ ಮುದ್ದೆಯಲ್ಲ. ಅದರೊಳಗೆ ದ್ರಾಕ್ಷಿಯ ಗೊಂಚಲುಗಳಂತೆ ಹಾಲಿನ ಗ್ರಂಥಿಗಳ 15ರಿಂದ 20 ಭಾಗಗಳಿರುತ್ತವೆ; ಅವುಗಳಿಂದ ಹೊರಟ ನಾಳಗಳು ತೊಟ್ಟಿನತ್ತ ಬರುತ್ತವೆ; ನಡುವೆ ನಾರೂ ಕೊಬ್ಬೂ ತುಂಬಿರುತ್ತವೆ. ಈ ಗ್ರಂಥಿಗಳು ಪ್ರತಿ ತಿಂಗಳೂ ಹಾರ್ಮೋನುಗಳ ಕರೆಗೆ ಉಬ್ಬುತ್ತವೆ, ಮುಟ್ಟು ಬಂದ ಮೇಲೆ ಇಳಿಯುತ್ತವೆ. ಆದುದರಿಂದ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅನೇಕ ಹುಡುಗಿಯರಿಗೆ ಎದೆ ಭಾರವಾಗಿ, ಮುಟ್ಟಿದರೆ ನೋವಾಗಿ, ಒಳಗೆಲ್ಲ ಹರಳು ಹರಳಾಗಿ ತೋರುವುದುಂಟು. ಅದು ರೋಗವಲ್ಲ. ಗಂಟಿದೆಯೋ ಇಲ್ಲವೋ ಎಂಬ ಸಂಶಯ ಬಂದರೆ ಮುಟ್ಟು ಆರಂಭವಾದ ಒಂದು ವಾರದ ಬಳಿಕ ಮತ್ತೆ ನೋಡಬೇಕು. ಆಗಲೂ ಉಳಿದಿರುವ ಗಂಟನ್ನು ವೈದ್ಯರಿಗೆ ತೋರಿಸಬೇಕು.

ಇಪ್ಪತ್ತರ ಹರೆಯದಲ್ಲಿ ಹೀಗೆ ಉಳಿಯುವ ಗಂಟುಗಳಲ್ಲಿ ಬಹುಪಾಲು ಫೈಬ್ರೊಅಡಿನೋಮ ಎಂಬ ಜಾತಿಯವು. ಒಂದು ಗೊಂಚಲಿನ ಗ್ರಂಥಿಯೂ ಅದರ ಸುತ್ತಲಿನ ನಾರೂ ಅಗತ್ಯಕ್ಕಿಂತ ಹೆಚ್ಚಾಗಿ ಬೆಳೆದು ಉಂಡೆಗಟ್ಟುವುದರಿಂದ ಅದು ಉಂಟಾಗುತ್ತದೆ. ನುಣುಪಾಗಿ, ರಬ್ಬರಿನಂತೆ ಗಟ್ಟಿಯಾಗಿ, ಅತ್ತಿತ್ತ ಸುಲಭವಾಗಿ ಸರಿಯುತ್ತದೆ. ಇಂಗ್ಲಿಷಿನವರು ಇದಕ್ಕೆ ಸ್ತನದ ಇಲಿಯೆಂದೇ ಅಡ್ಡಹೆಸರಿಟ್ಟಿದ್ದಾರೆ. ಎರಡು ಮೂರು ಸೆಂಟಿಮೀಟರಿನಷ್ಟಾಗಿ ಅಲ್ಲಿಯೇ ನಿಲ್ಲುವುದು ಹೆಚ್ಚು. ಕೆಲವು ತಾವಾಗಿ ಕುಗ್ಗುವುದೂ ಉಂಟು. ಇದಲ್ಲದೆ ನೀರು ತುಂಬಿದ ಗುಳ್ಳೆಗಳಿವೆ. ಅವು 35 ದಾಟಿದವರಲ್ಲಿ ಹೆಚ್ಚು. ಮೊಲೆಯೂಡಿಸುವ ತಾಯಂದಿರಲ್ಲಿ ಜ್ವರ, ಕೆಂಪು, ನೋವುಗಳೊಡನೆ ಕೀವುಗಡ್ಡೆ ಬರಬಹುದು. ಏಟು ಬಿದ್ದ ಕಡೆ ಕೊಬ್ಬು ಗಟ್ಟಿಯಾಗಿ ಗಂಟಾಗುವುದುಂಟು. ಅಪರೂಪಕ್ಕೆ ಕ್ಷಯವೂ ಸ್ತನದಲ್ಲಿ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ಚಿಕಿತ್ಸೆ ಬೇರೆ. ಯಾವುದಕ್ಕೂ ಎಕ್ಕದ ಎಲೆಯಲ್ಲ.

“ಹಾಗಾದರೆ ಇದು ಕ್ಯಾನ್ಸರಲ್ಲ ತಾನೆ?” ಎಂದು ಹುಡುಗಿ ಕೇಳಿದಳು.

“ನಿನ್ನ ವಯಸ್ಸಿನಲ್ಲಿ ಅದು ಬಹಳ ವಿರಳ. ಆದರೆ ವಿರಳವೆಂದರೆ ಇಲ್ಲವೇ ಇಲ್ಲವೆಂದಲ್ಲವಲ್ಲ? ಕೈ ಹೇಳಿದ್ದನ್ನು ಯಂತ್ರವೂ ಹೇಳಲಿ. ಆಗ ಮಾತಾಡೋಣ” ಎಂದರು ವೈದ್ಯೆ.

ಮರುದಿನ ಅಲ್ಟ್ರಾಸೌಂಡ್ ಸ್ಕ್ಯಾನ್ ಆಯಿತು. ಮ್ಯಾಮೋಗ್ರಾಮ್ ಏಕೆ ಬೇಡವೆಂದು ತಾಯಿ ಕೇಳಿದ್ದಕ್ಕೂ ಉತ್ತರ ದೊರೆಯಿತು. ಹರೆಯದಲ್ಲಿ ಸ್ತನ ದಟ್ಟವಾಗಿರುವುದರಿಂದ ಎಕ್ಸ್‌ರೇ ಚಿತ್ರದಲ್ಲಿ ಎಲ್ಲವೂ ಬೆಳ್ಳಗೆ ಕಂಡು, ಬೆಳ್ಳಗಿನ ಗಂಟು ಅದರಲ್ಲಿ ಮರೆಯಾಗಿಬಿಡುತ್ತದೆ. ಧ್ವನಿಯ ಅಲೆಗಳಿಂದ ನೋಡುವ ಸ್ಕ್ಯಾನಿಗೆ ಆ ತೊಡಕಿಲ್ಲ. ಗಂಟಿನೊಳಗಿರುವುದು ನೀರೋ ಗಟ್ಟಿ ಪದಾರ್ಥವೋ ಎಂಬುದನ್ನೂ ಅದು ಹೇಳುತ್ತದೆ. ವರದಿ ಬಂದಿತು: 2 ಸೆಂಟಿಮೀಟರು, ಮೊಟ್ಟೆಯಾಕಾರ, ಅಂಚು ನುಣುಪು. ಫೈಬ್ರೊಅಡಿನೋಮದ ಲಕ್ಷಣಗಳೇ. ಇಷ್ಟು ಚಿಕ್ಕ ವಯಸ್ಸು, ಇಷ್ಟು ಸ್ಪಷ್ಟ ಲಕ್ಷಣ, ಮನೆಯಲ್ಲಿ ಯಾರಿಗೂ ಇಲ್ಲದ ರೋಗ. ಆದುದರಿಂದ ಸೂಜಿ ಪರೀಕ್ಷೆಯಿಲ್ಲದೆ ಕೆಲವು ತಿಂಗಳು ಕಾದು ನೋಡಬಹುದೆಂದು ವೈದ್ಯೆ ಹೇಳಿದರು. ತಾಯಿ ಮಗಳು ನಿಜವಾಗಿಯೂ ದೇವಸ್ಥಾನಕ್ಕೆ ಹೋಗಿ ಮನೆಗೆ ಬಂದರು.

ಆದರೆ ಸ್ಕ್ಯಾನಿನ ಲಕೋಟೆ ಊಟದ ಮೇಜಿನ ಮೇಲೆಯೇ ಉಳಿದಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದು. ಆಸ್ಪತ್ರೆಯ ಗುರುತು ಗೊತ್ತಾಗದಿರುವಷ್ಟು ಕಣ್ಣು ಮಂಜಾಗಿರಲಿಲ್ಲ. ಯಾರಿಗೆ, ಏತಕ್ಕೆ, ಎಂದು ಕೇಳಿದಳು. ತಾಯಿ ತಡವರಿಸಿದಳು. ಹುಡುಗಿಯೇ ಹೇಳಿದಳು.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಗೋಡೆಯ ಮೇಲಿನ ಪಟದ ಕಡೆ ನೋಡಿದಳು. ಅದು ಅವಳ ಹಿರಿಯ ಮಗಳದು. ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು, 39ನೆಯ ವಯಸ್ಸಿಗೆ ತೀರಿಕೊಂಡವಳು.

“ಅವಳಿಗೆ ಹೊಟ್ಟೆಯಲ್ಲಿ ಏನೂ ಆಗಿರಲಿಲ್ಲ,” ಎಂದಳು ಅಜ್ಜಿ. “ಎದೆಯಲ್ಲಿ ಗಂಟಾಗಿತ್ತು. ನೋವಿಲ್ಲವಲ್ಲ ಅಂತ ಒಂದು ವರುಷ ಯಾರಿಗೂ ಹೇಳಲಿಲ್ಲ. ನನಗೆ ತಿಳಿದಾಗ ಸೆರಗಿಗೆ ರಕ್ತ ಹತ್ತಿತ್ತು. ಅವಳ ತಂಗಿಗೆ ಇನ್ನೂ ಮದುವೆಯಾಗಿರಲಿಲ್ಲ. ಹಾಗಾಗಿ ಹೊಟ್ಟೆಯ ಹುಣ್ಣು ಅಂದೆವು. ಅಂದದ್ದು ನಾನೇ.”

ತಂದೆ ವೃತ್ತಪತ್ರಿಕೆ ಹಿಡಿದು ಕುಳಿತಿದ್ದವನು ಪುಟ ತಿರುಗಿಸಲಿಲ್ಲ. ಅವನಿಗೂ ಗೊತ್ತಿತ್ತು. ತಾಯಿಗೆ ಕೊಟ್ಟ ಮಾತನ್ನು ಹೆಂಡತಿಯೆದುರೂ ಮುರಿಯದೆ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದನು. ಯಾರ ಕೇಡನ್ನೂ ಬಯಸದೆ ಆ ಮನೆಯವರು ಇಟ್ಟ ಒಂದು ಸುಳ್ಳು ಹೆಸರು, ಎರಡು ತಲೆಮಾರು ದಾಟಿ ಬಂದು, ವೈದ್ಯೆಯ ಕಾಗದದ ಮೇಲೆ ಕುಳಿತಿತ್ತು.

ಮರುದಿನ ಬೆಳಿಗ್ಗೆ ಅಜ್ಜಿಯೂ ಆಸ್ಪತ್ರೆಗೆ ಹೊರಟಳು. ವೈದ್ಯೆ ಎಲ್ಲವನ್ನೂ ಕೇಳಿ, ಹಳೆಯ ಸಾಲನ್ನು ಹೊಡೆದುಹಾಕಿ, ಹೊಸದಾಗಿ ಬರೆದುಕೊಂಡರು. ಈ ರೋಗದ ವಿಚಾರದಲ್ಲಿ ತಾಯಿಯ ಕಡೆಯಷ್ಟೇ ತಂದೆಯ ಕಡೆಯೂ ಮುಖ್ಯ. ಕೆಲವು ಮನೆತನಗಳಲ್ಲಿ ಸ್ತನದ ಮತ್ತು ಅಂಡಾಶಯದ ಕ್ಯಾನ್ಸರಿಗೆ ಎಡೆಮಾಡುವ ವಂಶವಾಹಿ ದೋಷಗಳಿರುತ್ತವೆ. ಬಿ.ಆರ್.ಸಿ.ಎ. ಎಂಬ ಆ ಎರಡು ವಂಶವಾಹಿಗಳು 1994 ಮತ್ತು 1995ರಲ್ಲಿ ಪತ್ತೆಯಾದುವು. ಅವು ತಂದೆಯ ಮೂಲಕವೂ ಮಗಳಿಗೆ ಬರಬಲ್ಲವು. ಸೋದರತ್ತೆ 39ಕ್ಕೇ ಹೋದದ್ದರಿಂದ ಮೊಮ್ಮಗಳಿಗೂ ಹಾಗೆಯೇ ಆಗುತ್ತದೆಂದಲ್ಲ. ಆದರೆ ಇನ್ನು ಕಾದು ನೋಡುವುದಕ್ಕಿಂತ ಸೂಜಿ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುವುದೇ ಸರಿ ಎಂದರು.

ಪರೀಕ್ಷೆಯೇನೂ ದೊಡ್ಡದಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನಿನ ಪರದೆಯಲ್ಲಿ ನೋಡುತ್ತ, ಟೊಳ್ಳು ಸೂಜಿಯಿಂದ ಗಂಟಿನ ಎಳೆಯಂಥ ಚೂರುಗಳನ್ನು ತೆಗೆದರು. ಅರ್ಧ ಗಂಟೆಯಲ್ಲಿ ಹುಡುಗಿ ಎದ್ದು ನಡೆದು ಬಂದಳು. ಸೂಜಿ ಹಾಕಿದರೆ ರೋಗ ಹರಡುತ್ತದೆಂದು ತಾಯಿ ಎಲ್ಲಿಯೋ ಕೇಳಿದ್ದಳು. ಆ ಭಯಕ್ಕೆ ಆಧಾರವಿಲ್ಲವೆಂದು, ಆ ಭಯದಿಂದ ತಡಮಾಡುವುದೇ ನಿಜವಾದ ಅಪಾಯವೆಂದು ವೈದ್ಯೆ ತಿಳಿಸಿದರು.

ವರದಿಗೆ ಐದು ದಿನ ಕಾಯಬೇಕಿತ್ತು. ಆ ಐದು ದಿನಗಳು ಉದ್ದವಾಗಿಯೇ ಕಳೆದುವು. ಆದರೆ ಅಂಥ ಐದು ದಿನಗಳ ಭಾಗ್ಯವೂ ಇಲ್ಲದ ಕಾಲವೊಂದಿತ್ತು. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸಿನಲ್ಲಿ ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಕಾರ್ತಿಗೆ ಸ್ತನವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯಾಯಿತು. ಮಾಡಿದವರಲ್ಲಿ ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ವೈದ್ಯ ಲಾರೆಯೂ ಒಬ್ಬನು. ಅರಿವಳಿಕೆಯಿನ್ನೂ ಬಂದಿರಲಿಲ್ಲ, ಆಕೆ ಎಚ್ಚರವಾಗಿಯೇ ಇದ್ದಳು. ಆ ಅನುಭವವನ್ನು ಅಕ್ಕನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಆಮೇಲೆ ಆಕೆ 28 ವರ್ಷಗಳಿಗೂ ಮೇಲ್ಪಟ್ಟು ಬದುಕಿ 1840ರಲ್ಲಿ ತೀರಿಕೊಂಡಳು. ಆ ಗಂಟು ಕ್ಯಾನ್ಸರೇ ಆಗಿತ್ತೆ? ಗಂಟಿನ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹೆಸರು ಹೇಳುವ ವಿದ್ಯೆ ಅಂದಿರಲಿಲ್ಲ. ವೈದ್ಯನ ಕೈ ಏನೆಂದಿತೋ ಅದೇ ಕೊನೆಯ ಮಾತು.

1829ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ಎಂಬ ಶಸ್ತ್ರವೈದ್ಯನು ಸ್ತನರೋಗಗಳ ಸಚಿತ್ರ ಗ್ರಂಥವೊಂದನ್ನು ಪ್ರಕಟಿಸಿ, ಹರೆಯದವರಲ್ಲಿ ಕಾಣುವ, ಸರಿದಾಡುವ, ನಿರಪಾಯಕಾರಿಯಾದ ಗಂಟುಗಳನ್ನು ಕ್ಯಾನ್ಸರಿನಿಂದ ಬೇರ್ಪಡಿಸಿ ವಿವರಿಸಿದನು. ಸೂಜಿಯಿಂದ ಗಡ್ಡೆಗಳ ಜೀವಕೋಶಗಳನ್ನು ಹೀರಿ ಪರೀಕ್ಷಿಸುವ ಕ್ರಮವನ್ನು 1930ರಲ್ಲಿ ನ್ಯೂಯಾರ್ಕಿನ ವೈದ್ಯರು ವಿವರಿಸಿದರು. ಇಂದು ವೈದ್ಯರ ಕೈ, ಸ್ಕ್ಯಾನಿನ ಚಿತ್ರ, ಸೂಜಿಯ ಚೂರು, ಈ ಮೂರು ಸಾಕ್ಷಿಗಳೂ ಒಂದೇ ಮಾತನ್ನು ಹೇಳಿದರೆ ಆ ಮಾತನ್ನು ನಂಬಬಹುದು. ಮೂರರಲ್ಲಿ ಒಂದು ಬೇರೆ ಹೇಳಿದರೆ ಮತ್ತೆ ನೋಡಬೇಕು.

ಆರನೆಯ ದಿನ ವರದಿ ಬಂದಿತು. ಫೈಬ್ರೊಅಡಿನೋಮ. ಮೂರು ಸಾಕ್ಷಿಗಳೂ ಒಪ್ಪಿದ್ದುವು.

ಹುಡುಗಿ ಕಾಗದವನ್ನು ಎರಡು ಸಲ ಓದಿದಳು. ತಾಯಿ ಕಣ್ಣೊರಸಿಕೊಂಡು, “ಮದುವೆಗೆ ಮೊದಲೇ ತೆಗೆಸಿಬಿಡೋಣವೆ ಡಾಕ್ಟರೇ?” ಎಂದಳು.

“ಗಂಟು ಮುಹೂರ್ತ ನೋಡಿ ಬೆಳೆಯುವುದಿಲ್ಲವಮ್ಮ,” ಎಂದು ವೈದ್ಯೆ ನಕ್ಕರು. “ಇದು ಕ್ಯಾನ್ಸರಿಗೆ ಮೊದಲ ಮೆಟ್ಟಿಲಲ್ಲ. ಬೇಗ ಬೇಗ ಬೆಳೆದರೆ, ಮೂರು ಸೆಂಟಿಮೀಟರಿಗಿಂತ ಬಹಳ ದೊಡ್ಡದಾದರೆ, ನೋವೋ ಆಕಾರಗೇಡೋ ಆದರೆ, ವರದಿಯಲ್ಲಿ ಸಂಶಯವಿದ್ದರೆ ತೆಗೆಯುತ್ತೇವೆ. ಇರುವುದೇ ಮನಸ್ಸಿಗೆ ಸಹಿಸದಿದ್ದರೆ, ಅದಕ್ಕಾಗಿಯೂ ತೆಗೆಯಬಹುದು. ಸಣ್ಣ ಕಲೆ ಉಳಿಯುತ್ತದೆ, ಮುಂದೆ ಮಗುವಿಗೆ ಹಾಲೂಡಿಸಲು ಸಾಮಾನ್ಯವಾಗಿ ಅಡ್ಡಿಯಾಗದು. ಇಲ್ಲದಿದ್ದರೆ ಆರು ತಿಂಗಳಿಗೆ ಮತ್ತೊಂದು ಸ್ಕ್ಯಾನು. ಗರ್ಭ ನಿಂತಾಗ ಇದು ಹಿಗ್ಗಬಹುದು. ಆಗ ನೋಡುವ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಯಾವುದಾಗಬೇಕೆಂದು ಇವಳೇ ಹೇಳಲಿ.”

ಹುಡುಗಿ ಕಾಯುವೆನೆಂದಳು.

ಸೋದರತ್ತೆಯ ವಿಚಾರ ಬೇರೆ. ಅದಕ್ಕಾಗಿ ವಂಶವಾಹಿ ತಜ್ಞರನ್ನು ಕಾಣುವಂತೆ, ತಂದೆಯೂ ಜೊತೆಗೆ ಬರುವಂತೆ ವೈದ್ಯೆ ಬರೆದುಕೊಟ್ಟರು. ಇನ್ನುಮುಂದೆ ತನ್ನ ಎದೆಯ ಸಹಜ ರೂಪವನ್ನು ಅವಳು ತಿಳಿದಿರಬೇಕೆಂದರು. ಹೊಸ ಗಂಟು, ಕಲ್ಲಿನಂತೆ ಗಟ್ಟಿಯಾಗಿ ಸರಿಯದೆ ನಿಂತ ಗಂಟು, ಚರ್ಮ ಗುಳಿಬೀಳುವುದು ಅಥವಾ ಕಿತ್ತಳೆಯ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಸೇದುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ಆರು ತಿಂಗಳ ಗಡುವನ್ನು ಎಣಿಸದೆ ಬರಬೇಕು. ಬಸುರಿಯಾಗಿರಲಿ, ಬಾಣಂತಿಯಾಗಿರಲಿ, ಎರಡು ವಾರಕ್ಕೂ ಕರಗದ ಗಂಟನ್ನು ಹಾಲಿನದೆಂದು ಬಿಡಬಾರದು. ನೋವಿಲ್ಲವೆಂಬುದು ಸಮಾಧಾನಕ್ಕೆ ಕಾರಣವಲ್ಲ. ಆ ಮಾತು ಬಂದಾಗ ಅಜ್ಜಿ ತಲೆ ತಗ್ಗಿಸಿದಳು.

ಗಂಡಿನ ಕಡೆಯವರು ಬಂದು ಹೋದರು. ಆ ಸಂಬಂಧ ಕೂಡಲಿಲ್ಲ. ಅದಕ್ಕೂ ಇದಕ್ಕೂ ಏನೂ ಸಂಬಂಧವಿರಲಿಲ್ಲ, ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹೆಣ್ಣೇ ಬೇಕಿತ್ತು. ಹುಡುಗಿ ಪರೀಕ್ಷೆ ಬರೆದು ಮುಗಿಸಿದಳು. ಆರು ತಿಂಗಳ ಬಳಿಕ ನಡೆದ ಸ್ಕ್ಯಾನಿನಲ್ಲಿ ಗಂಟು 2 ಸೆಂಟಿಮೀಟರೇ ಇತ್ತು.

ಅಂದು ಮನೆಗೆ ಬಂದ ಮೇಲೆ ವರದಿಯನ್ನು ಇಡಲು ಹುಡುಗಿ ತನ್ನ ಕಡತವನ್ನು ತೆರೆದಳು. ಮೊದಲ ಪುಟದಲ್ಲಿ ಮನೆಯವರ ಕಾಯಿಲೆಗಳಿಗೆಂದು ಬಿಟ್ಟ ಜಾಗದಲ್ಲಿ ತಾಯಿಯ ಅಕ್ಷರಗಳಿದ್ದುವು: ಸೋದರತ್ತೆ, 39 ವರ್ಷ, ಸ್ತನದ ಕ್ಯಾನ್ಸರ್. ಆ ಮನೆಯಲ್ಲಿ ಆ ಹೆಸರನ್ನು ಯಾರಾದರೂ ಬರೆದದ್ದು ಅದೇ ಮೊದಲು. ಬರೆಯಿಸಿದವಳು ಅಜ್ಜಿ. ಓದಲು ಬರುವವರಿಗೆಲ್ಲ ಕಾಣುವಂತೆ ದೊಡ್ಡದಾಗಿ ಬರೆ ಎಂದು ಸೊಸೆಗೆ ಹೇಳಿದ್ದಳಂತೆ. ‘ವಧುವಿಗೆ ಕಿವಿಮಾತು’ ಸೀರೆಗಳ ಕೆಳಗಿನಿಂದ ಎದ್ದು ಬಂದು ಆ ಕಡತದ ಪಕ್ಕದಲ್ಲಿಯೇ ಕುಳಿತಿತ್ತು.